ಟೇಪು ಸುತ್ತಿದ ಮ್ಯಾಗಜಿನ್

2016ರ ಸೆಪ್ಟೆಂಬರ್. ಕಾವೇರಿ ನೀರಿನ ಹೋರಾಟ ಮಂಡ್ಯ ಜಿಲ್ಲೆಯ ಊರೂರಿಗೂ ಹಬ್ಬಿದ್ದ ದಿನಗಳು. ಶಿವನಸಮುದ್ರದ ಬ್ಲಫ್‌ನ ಚಿಕ್ಕ ಹೋಟೆಲೊಂದರಲ್ಲಿ, ಹೊರಜಿಲ್ಲೆಯಿಂದ ಬಂದೋಬಸ್ತಿಗೆ ಬಂದಿದ್ದ ಪೇದೆಯೊಬ್ಬರು ನನ್ನೆದುರು ಕೂತು ಟೀ ಕುಡಿಯುತ್ತಿದ್ದರು. ತೊಡೆಯ ಮೇಲೆ ಇನ್ಸಾಸ್ ರೈಫಲ್. ಅದರ ಮ್ಯಾಗಜಿನ್ ಅರೆಪಾರದರ್ಶಕ ಪ್ಲಾಸ್ಟಿಕ್ಕಿನದು. ಒಂದರ ಮೇಲೊಂದು ಕೂತ ಹಿತ್ತಾಳೆ ಗುಂಡುಗಳು ಒಳಗೆ ಮಸುಕಾಗಿ ಕಾಣುತ್ತಿದ್ದವು. ಕೆಳತುದಿಗೆ ಕರೆಂಟಿನವರು ಬಳಸುವ ಕಪ್ಪು ಟೇಪು ಸುತ್ತಿತ್ತು. ಇದೇನು ಎಂದು ಕೇಳಿದೆ.

‘ಸೀಳ್ ಬಿಟ್ಟೈತ್ರಿ ಸರ. ಧೂಳ್ ಹೋಗಬಾರ್ದು ಅಂತ ಸುತ್ತೀನಿ’ ಅಂದರು. ಬದಲಾಯಿಸಿ ಕೊಡುವುದಿಲ್ಲವೇ ಎಂದರೆ, ‘ಕೊಡ್ತಾರ್ರಿ, ಬಂದಾಗ’ ಎಂದು ಲೋಟ ಕೆಳಗಿಟ್ಟು ಎದ್ದರು.

ಆ ಟೇಪು ನನ್ನ ಮನಸ್ಸಿನಿಂದ ಹೋಗಿಲ್ಲ. ರೈಫಲ್ಲಿನ ನಳಿಗೆ ಎಷ್ಟೇ ಗಟ್ಟಿಯಾಗಿರಲಿ, ಗುಂಡನ್ನು ಅದರ ಬಾಯಿಗೆ ಉಣಿಸುವುದು ಮ್ಯಾಗಜಿನ್. ಅದರ ಮೇಲ್ತುದಿಯಲ್ಲಿ ಒಳಕ್ಕೆ ಬಾಗಿದ ಎರಡು ಅಂಚುಗಳಿವೆ, ತುಟಿಯ ಹಾಗೆ. ಕೆಳಗಿನಿಂದ ಸ್ಪ್ರಿಂಗ್ ಒತ್ತುತ್ತಿರುತ್ತದೆ, ಮೇಲಿನಿಂದ ಈ ತುಟಿಗಳು ಗುಂಡನ್ನು ಹಿಡಿದಿರುತ್ತವೆ. ತುಟಿ ಕೂದಲೆಳೆಯಷ್ಟು ಅಗಲಿದರೂ ಎರಡು ಗುಂಡು ಒಟ್ಟಿಗೆ ನುಗ್ಗಬಹುದು, ಇಲ್ಲವೆ ಗುಂಡು ಓರೆಯಾಗಿ ಸಿಕ್ಕಿಕೊಳ್ಳಬಹುದು. ರೈಫಲ್ ನಿಂತೇಹೋಗುತ್ತದೆ. ಒಡಲೇ ಸೀಳಿದರೆ ಧೂಳು, ಮರಳು ಒಳಗೆ ಸೇರಿ ಸ್ಪ್ರಿಂಗಿನ ಓಟವನ್ನೇ ತಡೆಯುತ್ತವೆ.

ಇದು ಊಹೆಯ ಭಯವಲ್ಲ. ಪುಣೆಯ ಶಸ್ತ್ರಾಸ್ತ್ರ ಸಂಶೋಧನಾ ಸಂಸ್ಥೆ ಎಆರ್‌ಡಿಇ ರೂಪಿಸಿದ ಇನ್ಸಾಸ್ 1998ರ ಗಣರಾಜ್ಯೋತ್ಸವದ ಪೆರೇಡಿನಲ್ಲಿ ದೇಶಕ್ಕೆ ಕಾಣಿಸಿಕೊಂಡಿತು. ಮರುವರ್ಷವೇ ಕಾರ್ಗಿಲ್. ಅಲ್ಲಿನ ಕೊರೆಯುವ ಚಳಿಯಲ್ಲಿ ಇದೇ ಪ್ಲಾಸ್ಟಿಕ್ (ಪಾಲಿಮರ್) ಮ್ಯಾಗಜಿನ್‌ಗಳು ಬಿರುಕುಬಿಟ್ಟವು, ರೈಫಲ್ಲುಗಳು ನಡುವೆಯೇ ಸಿಕ್ಕಿಕೊಂಡವು ಎಂಬ ದೂರು ಯುದ್ಧಭೂಮಿಯಿಂದಲೇ ಬಂತು. 2005ರ ಆಗಸ್ಟ್‌ನಲ್ಲಿ ನೇಪಾಳದ ಕಾಲಿಕೋಟ್‌ನಲ್ಲಿ ಮಾವೋವಾದಿಗಳ ದಾಳಿಗೆ 43 ಸೈನಿಕರು ಸತ್ತಾಗ, ಭಾರತದಿಂದ ಬಂದ ಇನ್ಸಾಸ್ ಕೈಕೊಟ್ಟಿತು ಎಂದು ನೇಪಾಳ ಸೇನೆ ಬಹಿರಂಗವಾಗಿ ಹೇಳಿತು. ಬಳಕೆ, ನಿರ್ವಹಣೆ ಸರಿಯಿರಲಿಲ್ಲ ಎಂಬುದು ನಮ್ಮವರ ಉತ್ತರವಾಗಿತ್ತು. ಅದರಲ್ಲಿ ನಿಜವೂ ಇರಬಹುದು. ಆದರೆ ದಣಿದವನ ಕೈಯಲ್ಲಿ, ಕೆಸರಿನಲ್ಲಿ, ರಾತ್ರಿಯಲ್ಲಿ ನಡೆಯದ ಆಯುಧವನ್ನು ಒಳ್ಳೆಯ ಆಯುಧ ಎನ್ನಲು ನಾನು ಒಪ್ಪುವುದಿಲ್ಲ.

ಮಂಡ್ಯಕ್ಕೂ ಇದಕ್ಕೂ ಏನು ಸಂಬಂಧ ಎಂದು ಯಾರೂ ಕೇಳಲಾರರು. ಮದ್ದೂರು, ಮಳವಳ್ಳಿ ಸೀಮೆಯ ಎಷ್ಟೋ ಮನೆಗಳ ಮಕ್ಕಳು ಸೇನೆಯಲ್ಲಿ, ಸಿಆರ್‌ಪಿಎಫ್‌ನಲ್ಲಿ, ನಮ್ಮದೇ ಪೊಲೀಸ್ ಪಡೆಗಳಲ್ಲಿ ಇದ್ದಾರೆ. 2019ರ ಫೆಬ್ರವರಿ 14ರಂದು ಪುಲ್ವಾಮಾದ ಸ್ಫೋಟದಲ್ಲಿ ಹುತಾತ್ಮರಾದ ಎಚ್. ಗುರು ಮದ್ದೂರು ತಾಲ್ಲೂಕಿನ ಗುಡಿಗೆರೆಯವರು. ಆ ಸಾವಿಗೂ ರೈಫಲ್ಲಿಗೂ ನಂಟಿಲ್ಲ. ಆದರೆ ಅವರ ಅಂತ್ಯಕ್ರಿಯೆಯ ದಿನ ಗುಡಿಗೆರೆಯ ದಾರಿಯಲ್ಲಿ ನೆರೆದ ಜನಸಾಗರ ಕಂಡವರಿಗೆ, ಸಮವಸ್ತ್ರ ತೊಟ್ಟ ಮಗನ ಕೈಗೆ ಏನು ಕೊಟ್ಟು ಕಳಿಸಿದ್ದೇವೆ ಎಂಬ ಪ್ರಶ್ನೆ ಪರರದ್ದಲ್ಲ.

ಸೇನೆಯೇನೋ ಇನ್ಸಾಸನ್ನು ಹಿಂದೆ ಬಿಟ್ಟು ಹೋಗುತ್ತಿದೆ. 2019ರಲ್ಲಿ 72,400 ಸಿಗ್ 716 ರೈಫಲ್ಲುಗಳಿಗೆ ಒಪ್ಪಂದವಾಯಿತು. ಉತ್ತರಪ್ರದೇಶದ ಅಮೇಠಿಯ ಕೊರ್ವಾದಲ್ಲಿ ಆರು ಲಕ್ಷಕ್ಕೂ ಮಿಕ್ಕಿ ಎಕೆ-203 ತಯಾರಿಸುವ ಯೋಜನೆ ನಡೆದಿದೆ. ಆದರೆ ಅರೆಸೇನಾ ಪಡೆಗಳು ಮತ್ತು ರಾಜ್ಯಗಳ ಪೊಲೀಸರ ಶಸ್ತ್ರಾಗಾರಗಳಲ್ಲಿ ಇನ್ಸಾಸ್ ಇನ್ನೂ ಇದೆ, ಅದರೊಡನೆ ಹಳೆಯ ಮ್ಯಾಗಜಿನ್ನುಗಳೂ. ನನ್ನ ಆತಂಕ ಇರುವುದು ಇಲ್ಲಿ. ನಮ್ಮ ಸೀಮೆಯಲ್ಲಿ ಕಾರ್ಗಿಲ್ಲಿನ ಚಳಿ ಇಲ್ಲ, ನಿಜ. ಬಿಸಿಲಿದೆಯಲ್ಲ!

ಮಳವಳ್ಳಿಯ ಯಾವ ರೈತರನ್ನಾದರೂ ಕೇಳಿ. ಔಷಧಿ ಹೊಡೆಯುವ ಕ್ಯಾನನ್ನು ಎರಡು ಬೇಸಿಗೆ ಬಿಸಿಲಿಗೆ ಬಿಟ್ಟರೆ ಅದು ಬೆಳ್ಳಗೆ ಬಿಳಿಚಿಕೊಳ್ಳುತ್ತದೆ. ಒಂದು ದಿನ ಬೆಲ್ಟು ಬಿಗಿಯುವಾಗ ಕಿವಿಯೇ ಕಿತ್ತು ಬರುತ್ತದೆ. ಪ್ಲಾಸ್ಟಿಕ್ಕಿನ ಎಳೆಗಳನ್ನು ಬಿಸಿಲು ತುಂಡರಿಸುತ್ತದೆ. ಬಂದೂಕಿನ ಎಣ್ಣೆ, ನಳಿಗೆ ತೊಳೆಯುವ ದ್ರಾವಣ ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಒಳಗಿಂದೊಳಗೇ ಸೀಳುತ್ತವೆ. ಪೂರ್ತಿ ತುಂಬಿ ತಿಂಗಳುಗಟ್ಟಲೆ ಇಟ್ಟರೆ ಸ್ಪ್ರಿಂಗಿನ ಒತ್ತಡಕ್ಕೆ ತುಟಿಗಳು ನಿಧಾನವಾಗಿ ಅಗಲುತ್ತವೆ. ಕಬ್ಬಿಣವಾದರೆ ತುಕ್ಕು ತೋರಿಸಿ ಎಚ್ಚರಿಸುತ್ತದೆ. ಕಲ್ಲು ಕೂಡ ಹೇಳುತ್ತದೆ: 2018ರ ನೆರೆಯಲ್ಲಿ ಬ್ಲಫ್‌ನ ಹಳೆಯ ವೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋಗುವ ಮುಂಚೆಯೇ ಅದು ಮುದಿಯಾಗಿದೆ ಎಂಬುದು ನೋಡಿದವರಿಗೆ ಗೊತ್ತಾಗುತ್ತಿತ್ತು. ಪ್ಲಾಸ್ಟಿಕ್ ಮಾತ್ರ ಎಷ್ಟೋ ಸಲ ಕೊನೆಯ ದಿನದವರೆಗೂ ಗಟ್ಟಿಮುಟ್ಟಾಗಿಯೇ ಕಾಣುತ್ತದೆ.

ಹಾಗೆಂದು ಪಾಲಿಮರೇ ಬೇಡ ಎನ್ನುವುದು ತಪ್ಪು. ಉಕ್ಕಿನ ಮ್ಯಾಗಜಿನ್ ಬಿದ್ದರೆ ನೆಗ್ಗುತ್ತದೆ, ಒಮ್ಮೆ ನೆಗ್ಗಿದ್ದು ಸರಿಹೋಗುವುದೂ ಕಷ್ಟ. ಎಕೆ-203ರ ಮ್ಯಾಗಜಿನ್ ಕೂಡ ಪಾಲಿಮರಿನದೇ. ಬದಲಾಗಿರುವುದು ಪ್ಲಾಸ್ಟಿಕ್ಕಿನ ಗುಣ ಮತ್ತು ಒಳಗಿನ ವಿನ್ಯಾಸ. ಇಂದಿನ ಒಳ್ಳೆಯ ಮ್ಯಾಗಜಿನ್ನುಗಳಲ್ಲಿ ಗಾಜಿನ ನಾರು ಬೆರೆಸಿದ ನೈಲಾನ್ ಬಳಸುತ್ತಾರೆ. ಗುಂಡನ್ನು ಮೇಲೆತ್ತುವ ತಟ್ಟೆ ವಾಲದಂತೆ ರೂಪಿಸಿರುತ್ತಾರೆ. ಕೆಲವಕ್ಕೆ ತುಟಿಯ ಮೇಲಿನ ಭಾರ ಇಳಿಸುವ ಮುಚ್ಚಳವೂ ಇದೆ. ಆದರೂ ಅಮೆರಿಕದ ಮರೀನ್ ಪಡೆ ಇವನ್ನು ಕಣ್ಣುಮುಚ್ಚಿ ನಂಬಲಿಲ್ಲ. 2012ರಲ್ಲಿ ಪಾಲಿಮರ್ ಮ್ಯಾಗಜಿನ್ ಬಳಸಕೂಡದು ಎಂದಿತು. 2016ರ ಕೊನೆಯಲ್ಲಿ ಮ್ಯಾಗ್‌ಪುಲ್ ಕಂಪನಿಯ ಹೊಸ ಮಾದರಿಗೆ ಒಪ್ಪಿಗೆ ಕೊಟ್ಟಿತು. ನಮ್ಮಲ್ಲೂ ಹೊಸದು ಬಂತೆಂದು ಪರೀಕ್ಷೆ ಬಿಡುವಂತಿಲ್ಲ, ಹಳೆಯದು ಇನ್ನೂ ನಡೆಯುತ್ತಿದೆಯೆಂದು ಸುಮ್ಮನಿರುವಂತೆಯೂ ಇಲ್ಲ.

ನಿಮ್ಮ ಮನೆಯ ಪ್ಲಾಸ್ಟಿಕ್ ಕುರ್ಚಿಯನ್ನು ತಿರುವಿ ನೋಡಿ. ಹಲವು ಕುರ್ಚಿಗಳ ತಳದಲ್ಲಿ ಗಡಿಯಾರದಂಥ ಪುಟ್ಟ ಅಚ್ಚಿರುತ್ತದೆ; ಬಾಣದ ಗುರುತು ತಯಾರಾದ ತಿಂಗಳನ್ನು ತೋರಿಸುತ್ತದೆ. ಅಷ್ಟು ಮಾಹಿತಿ ಪ್ರತಿ ಮ್ಯಾಗಜಿನ್ನಿಗೂ ಬೇಕು. ರೈಫಲ್ಲಿಗೆ ನಂಬರಿದೆ, ರಿಜಿಸ್ಟರಿದೆ. ಮ್ಯಾಗಜಿನ್ನನ್ನು ಮಾತ್ರ ಎಣಿಸಿ ಬಿಟ್ಟರೆ ಸಾಲದು. ಯಾವ ವರ್ಷದ್ದು, ಎಷ್ಟು ಬಾರಿ ಸಿಕ್ಕಿಕೊಂಡಿತು, ಎಲ್ಲಿ ಬಿರುಕಿದೆ ಎಂಬುದು ಪ್ರತ್ಯೇಕ ಪುಸ್ತಕದಲ್ಲಿ ದಾಖಲಾಗಬೇಕು. ಹಳೆಯದರಲ್ಲಿ ಒಂದಷ್ಟನ್ನು ತೆಗೆದು ಪರೀಕ್ಷೆಗೆ ಕಳಿಸಬೇಕು. ಅದಕ್ಕೆ ದೂರ ಹೋಗಬೇಕಿಲ್ಲ, ಮೈಸೂರಿನಲ್ಲೇ ಸಿಪೆಟ್ ಸಂಸ್ಥೆ ಇದೆ. ಪ್ಲಾಸ್ಟಿಕ್ಕನ್ನು ಪರೀಕ್ಷಿಸುವುದು ಅದರ ಕೆಲಸಗಳಲ್ಲಿ ಒಂದು. ಸೋತವನ್ನು ಮುರಿದು ಹಾಕಬೇಕು. ಅಭ್ಯಾಸಕ್ಕಿರಲಿ ಎಂದು ಮೂಲೆಗಿಟ್ಟರೆ ಅವು ಮತ್ತೆ ಯಾರದೋ ಸೊಂಟಕ್ಕೆ ಸೇರುತ್ತವೆ.

ಒಂದು ರೈಫಲ್ಲಿನ ಬೆಲೆಯ ಮುಂದೆ ಮ್ಯಾಗಜಿನ್ನಿನ ಬೆಲೆ ಏನೇನೂ ಅಲ್ಲ. ಆದ್ದರಿಂದ ಗೃಹ ಇಲಾಖೆಗೆ, ಜಿಲ್ಲೆ ಜಿಲ್ಲೆಗಳ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ನನ್ನ ಬೇಡಿಕೆ ಇಷ್ಟೇ: ಮುಂದಿನ ಬಂದೋಬಸ್ತಿಗೆ ಜನರನ್ನು ಕಳಿಸುವ ಮುನ್ನ ಒಂದು ದಿನ ಶಸ್ತ್ರಾಗಾರದ ಬಾಗಿಲು ತೆಗೆಸಿ, ಮ್ಯಾಗಜಿನ್ನುಗಳನ್ನು ಖಾಲಿ ಮಾಡಿಸಿ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ. ಟೇಪು ಸುತ್ತಿದ್ದು ಸಿಕ್ಕರೆ ಅದನ್ನು ಕಟ್ಟಿಕೊಂಡು ತಿರುಗುತ್ತಿದ್ದವರ ಮೇಲೆ ಸಿಟ್ಟಾಗಬೇಡಿ. ಅವರಿಗೆ ಬೇರೆಯದೊಂದು ಕೊಡಿ.