ನೆರವಿಗೆ ಪಕ್ಷವುಂಟೆ?

ಯುದ್ಧವು ಬಹು ಹಳೆಯದು. ಯುದ್ಧದಲ್ಲಿ ಗಾಯಗೊಂಡವನಿಗೆ ಗುಟುಕು ನೀರು ನೀಡುವ ಕರುಣೆಯೂ ಅಷ್ಟೇ ಹಳೆಯದು. ಆದರೆ ಆ ಕರುಣೆಗೆ ಅಂತರರಾಷ್ಟ್ರೀಯ ನಿಯಮದ ರೂಪವು ದೊರೆತುದು ಹತ್ತೊಂಬತ್ತನೆಯ ಶತಮಾನದಲ್ಲಿ. 1859ರ ಜೂನ್ 24ರಂದು ಉತ್ತರ ಇಟಲಿಯ ಸೊಲ್ಫೆರಿನೊ ಎಂಬಲ್ಲಿ ಫ್ರಾನ್ಸ್ ಮತ್ತು ಸಾರ್ಡೀನಿಯಾದ ಸೈನ್ಯಗಳಿಗೂ ಆಸ್ಟ್ರಿಯಾದ ಸೈನ್ಯಕ್ಕೂ ಘೋರವಾದ ಕಾಳಗ ನಡೆಯಿತು. ಸಾವಿರಾರು ಸೈನಿಕರು ಗಾಯಗೊಂಡು, ಆರೈಕೆಯಿಲ್ಲದೆ ನರಳುತ್ತಿದ್ದರು. ಬೇರೊಂದು ಕಾರ್ಯದ ಮೇಲೆ ಅಲ್ಲಿಗೆ ಬಂದಿದ್ದ ಜಿನೀವಾದ ವರ್ತಕ ಹೆನ್ರಿ ಡ್ಯುನಾಂಟನು ಸಮೀಪದ ಕಾಸ್ತಿಲಿಯೋನೆ ಊರಿನ ಹೆಂಗಸರೊಡನೆ ಸೇರಿ ಅವರ ಶುಶ್ರೂಷೆಗೆ ನಿಂತನು. ಆ ತಾಯಂದಿರು ಗಾಯಾಳುಗಳ ಸಮವಸ್ತ್ರದ ಬಣ್ಣವನ್ನು ನೋಡಲಿಲ್ಲ. ಎಲ್ಲರನ್ನೂ ಒಡಹುಟ್ಟಿದವರೆಂದೇ ಬಗೆದರು. ಈ ಅನುಭವದ ಫಲವಾಗಿ 1863ರಲ್ಲಿ ರೆಡ್‌ಕ್ರಾಸ್ ಸಂಸ್ಥೆಯೂ 1864ರಲ್ಲಿ ಮೊದಲನೆಯ ಜಿನೀವಾ ಒಪ್ಪಂದವೂ ರೂಪುಗೊಂಡವು. ನೋವಿನಲ್ಲಿರುವವನಿಗೆ ನೆರವು ದೊರೆಯಬೇಕು, ಅವನು ಯಾವ ಕಡೆಯವನೆಂದು ಕೇಳಬಾರದು ಎಂಬುದೇ ಇವುಗಳ ಸಾರ.

ಇಪ್ಪತ್ತನೆಯ ಶತಮಾನದಲ್ಲಿ ನೆರವಿನ ವ್ಯಾಪ್ತಿಯು ಹಿಗ್ಗಿತು. ಗಾಯಕ್ಕೆ ಪಟ್ಟಿ ಕಟ್ಟಿದರೆ ಸಾಲದು, ನೊಂದ ನಾಡನ್ನು ಮತ್ತೆ ಕಟ್ಟಬೇಕು ಎಂಬ ವಿಚಾರ ಬೆಳೆಯಿತು. ಎರಡನೆಯ ಮಹಾಯುದ್ಧದ ತರುವಾಯ, 1948ರಿಂದ, ಅಮೆರಿಕವು ಮಾರ್ಷಲ್ ಯೋಜನೆಯ ಮೂಲಕ ಪಶ್ಚಿಮ ಯೂರೋಪಿಗೆ ಸುಮಾರು 1,300 ಕೋಟಿ ಡಾಲರುಗಳ ನೆರವನ್ನು ನೀಡಿತು. ಅದರಲ್ಲಿ ಔದಾರ್ಯವಿದ್ದಂತೆ ಕಮ್ಯೂನಿಸಮ್ಮಿನ ಪ್ರಸಾರವನ್ನು ತಡೆಯುವ ಉದ್ದೇಶವೂ ಇದ್ದಿತು. ಅಭಿವೃದ್ಧಿಯು ರಾಷ್ಟ್ರಗಳ ರಕ್ಷಣಾನೀತಿಯೊಡನೆ ಹೀಗೆ ಬೆಸೆದುಕೊಂಡಿತು.

ಭದ್ರತೆಯಿಲ್ಲದೆ ಅಭಿವೃದ್ಧಿಯಿಲ್ಲ, ಅಭಿವೃದ್ಧಿಯಿಲ್ಲದೆ ಭದ್ರತೆಯಿಲ್ಲ ಎಂಬ ವಾದವುಂಟು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಗುಂಡು ಹಾರುವ ಬೀದಿಯಲ್ಲಿ ಶಾಲೆ ನಡೆಯದು. ಹಸಿವು ಮತ್ತು ನಿರುದ್ಯೋಗಗಳಿರುವಲ್ಲಿ ಶಾಂತಿಯು ಬಹುಕಾಲ ನಿಲ್ಲದು. ಆದರೆ ಕಾದಾಡುವ ಪಕ್ಷವೇ ಅನ್ನವನ್ನೂ ಔಷಧವನ್ನೂ ಹಂಚತೊಡಗಿದಾಗ ಏನಾಗುತ್ತದೆ ಎಂಬುದನ್ನು ವಿಚಾರಿಸಬೇಕು.

2001ರ ತರುವಾಯ ಅಫ್ಘಾನಿಸ್ತಾನದಲ್ಲಿ ಅಮೆರಿಕ ಮತ್ತು ಅದರ ಮಿತ್ರರಾಷ್ಟ್ರಗಳು ಪ್ರಾಂತೀಯ ಪುನರ್ನಿರ್ಮಾಣ ತಂಡಗಳನ್ನು ರಚಿಸಿದವು. ಬಂದೂಕು ಹಿಡಿದವರೇ ರಸ್ತೆ ಶಾಲೆಗಳನ್ನೂ ಕಟ್ಟಿಸತೊಡಗಿದರು. 2004ರಲ್ಲಿ ಆ ದೇಶದ ದಕ್ಷಿಣ ಭಾಗದಲ್ಲಿ ಸೇನೆಯು ಕರಪತ್ರಗಳನ್ನು ಹಂಚಿತು. ನೆರವು ಮುಂದುವರಿಯಬೇಕಾದರೆ ತಾಲಿಬಾನಿಗಳ ಸುಳಿವು ನೀಡಿರಿ ಎಂಬುದು ಅವುಗಳ ತಾತ್ಪರ್ಯ. ಅನ್ನಕ್ಕೆ ಬೆಲೆ ಕಟ್ಟಿದಂತಾಯಿತು. ಗಡಿಗಳಿಲ್ಲದ ವೈದ್ಯರು ಎಂಬ ಅರ್ಥದ ಹೆಸರುಳ್ಳ, 1971ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಸಂಸ್ಥೆಯು ಇದನ್ನು ಪ್ರತಿಭಟಿಸಿತು. ಅದೇ ವರ್ಷದ ಜೂನ್ ತಿಂಗಳಿನಲ್ಲಿ ಆ ಸಂಸ್ಥೆಯ ಐವರು ಸೇವಕರು ಕೊಲೆಯಾದರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಅಲ್ಲಿ ದುಡಿದಿದ್ದ ಆ ವೈದ್ಯರು ದೇಶವನ್ನೇ ಬಿಟ್ಟು ತೆರಳಿದರು. ಮರಳಿ ಬಂದುದು 2009ರಲ್ಲಿ. ಈ ನಡುವೆ ಚಿಕಿತ್ಸೆಯನ್ನು ಕಳೆದುಕೊಂಡವರು ಬಡ ರೋಗಿಗಳೇ.

ಪಾಕಿಸ್ತಾನದ ಉದಾಹರಣೆಯು ಇನ್ನೂ ಕಠೋರವಾದುದು. 2011ರಲ್ಲಿ ಒಸಾಮಾ ಬಿನ್ ಲಾಡೆನ್ನನ ಅಡಗುದಾಣವನ್ನು ಖಚಿತಪಡಿಸಿಕೊಳ್ಳಲು ಅಮೆರಿಕದ ಗುಪ್ತಚರ ಸಂಸ್ಥೆಯು ಅಬೋಟಾಬಾದಿನಲ್ಲಿ ಹೆಪಟೈಟಿಸ್-ಬಿ ಲಸಿಕೆಯ ನೆಪವನ್ನು ಹೂಡಿತು. ಲಸಿಕೆಯ ಬಗೆಗೆ ಅಲ್ಲಿ ಮೊದಲೇ ಇದ್ದ ಸಂಶಯದ ಕಿಡಿಗೆ ಇದು ಗಾಳಿಯೂದಿತು. 2012ರಲ್ಲಿ ಉತ್ತರ ವಜೀರಿಸ್ತಾನದ ಉಗ್ರರ ನಾಯಕನೊಬ್ಬನು ಪೋಲಿಯೊ ಲಸಿಕೆಯನ್ನೇ ನಿಷೇಧಿಸಿದನು. ಆ ವರ್ಷದ ಡಿಸೆಂಬರಿನಲ್ಲಿ ಮನೆಮನೆಗೆ ಹೋಗಿ ಮಕ್ಕಳಿಗೆ ಎರಡು ಹನಿ ಹಾಕುತ್ತಿದ್ದ ಹಲವರು ಗುಂಡಿಗೆ ಬಲಿಯಾದರು. ಅವರಲ್ಲಿ ಹೆಚ್ಚಿನವರು ಹೆಂಗಸರು. ಲಸಿಕಾ ಕಾರ್ಯವನ್ನು ಇನ್ನು ಮುಂದೆ ಗೂಢಚರ್ಯೆಗೆ ಬಳಸುವುದಿಲ್ಲವೆಂದು 2014ರಲ್ಲಿ ಅಮೆರಿಕ ಸರಕಾರವು ಸಾರಿತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಅದೇ 2014ರಲ್ಲಿ ಭಾರತವು ಪೋಲಿಯೊಮುಕ್ತವೆಂದು ಘೋಷಿತವಾಯಿತು. ಲಸಿಕೆಯು ಎರಡು ದೇಶಗಳಲ್ಲಿಯೂ ಒಂದೇ. ಅದು ಮಗುವಿನ ಬಾಯಿಗೆ ತಲುಪಬೇಕಾದರೆ ತಾಯಿಗೆ ನಂಬಿಕೆಯಿರಬೇಕು, ಮನೆಗೆ ಬಂದವರ ಪ್ರಾಣಕ್ಕೆ ರಕ್ಷಣೆಯಿರಬೇಕು.

ಹಾಗೆಂದು ಪಕ್ಷಪಾತವಿಲ್ಲದ ನೆರವೆಲ್ಲವೂ ನಿರ್ದೋಷವೆನ್ನಲಾಗದು. 1994ರಲ್ಲಿ ರುವಾಂಡದ ನರಮೇಧದ ತರುವಾಯ ಲಕ್ಷಾಂತರ ನಿರಾಶ್ರಿತರು ನೆರೆಯ ಜೈರ್ ದೇಶದ ಗೋಮಾ ಪ್ರದೇಶವನ್ನು ಸೇರಿದರು. ಕೊಲೆಗಡುಕರೂ ಅವರೊಡನೆ ಬಂದು ಶಿಬಿರಗಳ ಯಜಮಾನಿಕೆಯನ್ನು ಹಿಡಿದರು. ಹಸಿದವರಿಗೆಂದು ಬಂದ ಧಾನ್ಯವು ಅವರ ಬಲವನ್ನು ಹೆಚ್ಚಿಸಿತು. ದಾನ ಮಾಡುವವನು ಪಕ್ಷವನ್ನು ಹಿಡಿಯಬಾರದು, ನಿಜ. ಆದರೆ ತನ್ನ ಧಾನ್ಯವು ಯಾರ ಕಣಜಕ್ಕೆ ಹೋಗುತ್ತಿದೆ ಎಂಬುದನ್ನು ಕಣ್ಣು ತೆರೆದು ನೋಡಬೇಕು.

ರಾಷ್ಟ್ರಗಳು ತಮ್ಮ ರಕ್ಷಣೆಯನ್ನು ಮಾಡಿಕೊಳ್ಳಲೇಬೇಕು. ಪ್ರವಾಹ ಭೂಕಂಪಗಳಲ್ಲಿ ಸೈನಿಕರು ಮಾಡುವ ಸೇವೆಯೂ ಅಮೂಲ್ಯವಾದುದು. ಅಲ್ಲಿ ಅವರಿಗೆ ಎದುರಾಳಿಗಳಿಲ್ಲ. ಆದರೆ ಯುದ್ಧಭೂಮಿಯಲ್ಲಿ ಸೈನಿಕನು ಸೈನಿಕನಾಗಿಯೇ ಬರಬೇಕು, ವೈದ್ಯನು ವೈದ್ಯನಾಗಿಯೇ ಬರಬೇಕು. ಒಬ್ಬರ ವೇಷವನ್ನು ಇನ್ನೊಬ್ಬರು ತೊಟ್ಟರೆ ಒಂದು ಕಾರ್ಯವು ಇಂದು ಕೈಗೂಡಬಹುದು; ನಾಳೆ ನಿಜವಾದ ವೈದ್ಯನು ಬಾಗಿಲು ತಟ್ಟಿದಾಗ ಅದು ತೆರೆಯದು. ಆ ಮುಚ್ಚಿದ ಬಾಗಿಲಿನ ಹಿಂದೆ ಇರುವುದು ಯಾವ ಪಕ್ಷಕ್ಕೂ ಸೇರದ ಮಗು.