ತುದಿಮೊದಲಿಲ್ಲದ ಉಂಗುರ



ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿತೆಂದು ಯಜಮಾನರು ವಜ್ರದುಂಗುರ ಕೊಡಿಸುತ್ತೇನೆ ಎಂದರೆ ಬೇಡ ಅನ್ನಬೇಡಿ! ಆದರೆ ಅಂಗಡಿಯವರು ‘ಇಟರ್ನಿಟಿ ರಿಂಗ್’ ಎಂದು ಮುಂದಿಟ್ಟಾಗ ಒಂದಿಷ್ಟು ವಿಚಾರ ಮಾಡಿ ಬೆರಳು ಒಡ್ಡಿ.

ಇದು ಇಂಗ್ಲೆಂಡ್, ಅಮೆರಿಕಗಳ ಕಡೆಯ ಪದ್ಧತಿ. ಒಂದೇ ಅಳತೆಯ ಪುಟ್ಟ ವಜ್ರಗಳನ್ನು ಉಂಗುರದ ಸುತ್ತಲೂ ಕೂಡಿಸಿರುತ್ತಾರೆ. ಮೊದಲೂ ಇಲ್ಲ, ಕೊನೆಯೂ ಇಲ್ಲ. ಪ್ರೀತಿಯೂ ಹಾಗೇ ಇರಲಿ ಎಂಬ ಭಾವ. ಚೊಚ್ಚಲ ಮಗು ಹುಟ್ಟಿದಾಗಲೋ, ಮದುವೆಯ ವಾರ್ಷಿಕೋತ್ಸವಕ್ಕೋ ಗಂಡ ಹೆಂಡತಿಗೆ ಕೊಡುವುದು ಅಲ್ಲಿಯ ವಾಡಿಕೆ. ವಜ್ರವೆಂದರೆ ಓಲೆ, ಮೂಗುಬೊಟ್ಟು ಎನ್ನುತ್ತಿದ್ದ ನಮ್ಮವರಿಗೂ ಈಗ ಇದರ ಮೇಲೆ ಕಣ್ಣು.

ಸುತ್ತಲೂ ಹರಳಿಟ್ಟ ಉಂಗುರ ಹಳೆಯದೇ ಆದರೂ ಅದಕ್ಕೆ ಇಷ್ಟು ಪ್ರಚಾರ ಸಿಕ್ಕಿದ್ದು 1960ರ ದಶಕದಲ್ಲಿ. ಸೋವಿಯೆತ್ ಒಕ್ಕೂಟದ ಸೈಬೀರಿಯದಲ್ಲಿ 1950ರ ದಶಕದಲ್ಲಿ ವಜ್ರದ ನಿಕ್ಷೇಪಗಳು ಸಿಕ್ಕಿದ್ದವು. ಅಲ್ಲಿಂದ ಬಂದ ಹರಳುಗಳಲ್ಲಿ ಬಹಳಷ್ಟು ಚಿಕ್ಕವು. ಅವನ್ನು ಕೊಂಡು ಮಾರುತ್ತಿದ್ದ ಡಿ ಬಿಯರ್ಸ್ ಕಂಪನಿಯವರು, ಮದುವೆಯಾಗಿ ವರ್ಷಗಳಾದ ಹೆಂಗಸರಿಗೆಂದೇ ಈ ಉಂಗುರದ ಜಾಹೀರಾತು ಮಾಡಿದರು. ವ್ಯಾಪಾರಿ ಬುದ್ಧಿ ನೋಡಿ! ಹಾಗಂತ ಉಂಗುರದ ಅಂದವೇನೂ ಕಮ್ಮಿಯಾಗಲಿಲ್ಲ ಬಿಡಿ.

ಈಗ ಬೆರಳಿನ ಮಾತು. ಸುತ್ತಲೂ ಹರಳಿದ್ದರೆ ಉಂಗುರವನ್ನು ಹಿಗ್ಗಿಸುವುದು ಬಹಳ ಕಷ್ಟ. ಅಕ್ಕಸಾಲಿಗರು ಎಲ್ಲಿ ಕತ್ತರಿಸಬೇಕು, ಎಲ್ಲಿ ಬೆಸೆಯಬೇಕು? ವಯಸ್ಸಾದಂತೆ ಬೆರಳು ದಪ್ಪವಾಗುವುದು ನಮಗೆ ಹೊಸದಲ್ಲವಲ್ಲ. ಅಂಗೈ ಕಡೆಯ ಹರಳುಗಳು ಪಾತ್ರೆ, ಬಕೆಟ್ಟಿಗೆ ಬಡಿಯುತ್ತಲೂ ಇರುತ್ತವೆ. ಹಾಗಾಗಿ ನನ್ನ ಓಟು ‘ಹಾಫ್ ಇಟರ್ನಿಟಿ’ಗೆ. ಮೇಲರ್ಧಕ್ಕೆ ಹರಳು, ಕೆಳಗೆ ಬರೀ ಚಿನ್ನ. ಬೆರಳಲ್ಲಿದ್ದಾಗ ಕೆಳಗಿನದು ಯಾರಿಗೆ ಕಾಣುತ್ತೆ ಹೇಳಿ? ಬೆಲೆಯೂ ಕಡಿಮೆ, ಅಳತೆಯನ್ನೂ ಸರಿಮಾಡಿಸಬಹುದು.

ಹೊಸ ನಮೂನೆಗಳಿಗೇನು ಬರ! ಚೌಕದ ವಜ್ರ, ನಡುನಡುವೆ ಪಚ್ಚೆ ಅಥವಾ ಕೆಂಪು, ತೆಳ್ಳಗಿನ ಎರಡು ಮೂರನ್ನು ಒಂದೇ ಬೆರಳಿಗೆ ಹಾಕಿಕೊಳ್ಳುವುದು. ಹರಳನ್ನು ಸಣ್ಣ ಉಗುರುಗಳಂಥ ಹಿಡಿಕೆ ಕಚ್ಚಿಕೊಂಡಿದ್ದರೆ ಹೊಳಪು ಜಾಸ್ತಿ, ಆದರೆ ಚಪಾತಿ ಹಿಟ್ಟು ಸಂದಿಯಲ್ಲಿ ಕೂರುತ್ತದೆ, ಸೀರೆಯ ಎಳೆ ಸಿಕ್ಕುತ್ತದೆ. ಎರಡು ಚಿನ್ನದ ಅಂಚುಗಳ ನಡುವೆ ಸಾಲಾಗಿ ಕೂಡಿಸಿದ ‘ಚಾನೆಲ್’ ನಮೂನೆಯೇ ಮನೆಗೆಲಸದ ಕೈಗೆ ಸರಿ.

ಬೆಲೆ ಕೇಳುವಾಗ ಒಂದು ಎಚ್ಚರಿಕೆ. ಒಂದು ಕ್ಯಾರೆಟ್ ಅಂದರೆ 200 ಮಿಲಿಗ್ರಾಂ, ಅದೇ 100 ಸೆಂಟ್. ಐದು ಸೆಂಟಿನ 20 ಹರಳು ಸೇರಿದರೂ ಒಂದು ಕ್ಯಾರೆಟ್ಟೇ. ಆದರೆ ಅಷ್ಟೇ ತೂಕದ, ಅಷ್ಟೇ ಗುಣದ ಒಂಟಿ ವಜ್ರದ ಬೆಲೆ ಇವಕ್ಕಿಲ್ಲ. ಮುಂದೆ ಮಾರುವಾಗಲೂ ಪುಟ್ಟ ಹರಳಿಗೆ ಹೆಚ್ಚು ಸಿಗುವುದಿಲ್ಲ. ಕಷ್ಟಕಾಲಕ್ಕೆ ಆದೀತೆಂದು ಕೊಳ್ಳುವವರು ಬಳೆಯನ್ನೇ ಮಾಡಿಸಿಕೊಳ್ಳಿ. ಲ್ಯಾಬಿನಲ್ಲಿ ಬೆಳೆಸಿದ್ದೂ ನಿಜವಾದ ವಜ್ರವೇ, ಬರಿಗಣ್ಣಿಗೆ ಭೇದ ತಿಳಿಯದು, ಬೆಲೆ ಮಾತ್ರ ಬಹಳ ಅಗ್ಗ. ಆದ್ದರಿಂದ ಗಣಿಯದೋ ಲ್ಯಾಬಿನದೋ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಹಾಲ್‌ಮಾರ್ಕ್ ಚಿನ್ನಕ್ಕಷ್ಟೇ ಸಾಕ್ಷಿ, ಹರಳಿಗಲ್ಲ.

ಅಳತೆ ಕೊಡಲು ಸಂಜೆ ಹೊತ್ತು ಹೋಗಿ, ಆಗ ಬೆರಳು ತುಸು ಊದಿರುತ್ತದೆ. ಗಂಟು ದಾಟಿ ಸಲೀಸಾಗಿ ಬಂದರೆ ಅದೇ ನಿಮ್ಮ ಅಳತೆ.