ಮಗು ವರವೇ ಹೊರತು ಪ್ರತಿಯಲ್ಲ

ಮೋಟೆಬೆನ್ನೂರು, ಬ್ಯಾಡಗಿ, ರಾಣೆಬೆನ್ನೂರು ಸೀಮೆಯ ಕೃಷಿಕ ಕುಟುಂಬಗಳಿಗೆ 'ಕ್ಲೋನಿಂಗ್' ಎಂಬ ಹೆಸರು ಪರಕೀಯವೆನಿಸಬಹುದು. ಅದರ ತತ್ವ ಪರಕೀಯವಲ್ಲ. ಬಾಳೆಯ ಕಂದನ್ನು ಕಿತ್ತು ಬೇರೆಡೆ ನೆಟ್ಟಾಗ, ಎಲೆಬಳ್ಳಿಯ ತುಂಡನ್ನು ಊರಿದಾಗ ಬೆಳೆಯುವುದು ತಾಯಿಗಿಡದ ತದ್ರೂಪವೇ. ಬೀಜೋತ್ಪಾದನೆಯ ಹೊಲಗಳಲ್ಲಿ ನಡೆಯುವ 'ಕ್ರಾಸಿಂಗ್' ಇದಕ್ಕಿಂತ ಭಿನ್ನ. ಅಲ್ಲಿ ಎರಡು ಗಿಡಗಳ ಗುಣ ಕೂಡಿ ಹೊಸದೊಂದು ಹುಟ್ಟುತ್ತದೆ. ದನಕರುಗಳಿಗೂ ಮನುಷ್ಯರಿಗೂ ಸೃಷ್ಟಿಕರ್ತನು ನೇಮಿಸಿದ್ದು ಈ ಎರಡನೆಯ ಮಾರ್ಗವನ್ನು. ಕ್ಲೋನಿಂಗ್ ಅದನ್ನು ಬದಿಗೊತ್ತುತ್ತದೆ. ಅಂಡಾಣುವಿನ ಕೋಶಕೇಂದ್ರವನ್ನು ತೆಗೆದು, ಆ ಜಾಗದಲ್ಲಿ ಒಂದು ಜೀವಿಯ ದೇಹದಿಂದ ಪಡೆದ ಕೋಶಕೇಂದ್ರವನ್ನಿಟ್ಟು, ಬೆಳೆದ ಭ್ರೂಣವನ್ನು ಗರ್ಭದಲ್ಲಿ ಇರಿಸಲಾಗುತ್ತದೆ. ಹುಟ್ಟುವುದು ಆ ಒಂದೇ ಜೀವಿಯ ತದ್ರೂಪಿ.

1996ರ ಜುಲೈ 5ರಂದು ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ ಡಾಲಿ ಎಂಬ ಕುರಿಮರಿ ಹೀಗೆ ಜನಿಸಿತು. 277 ಪ್ರಯತ್ನಗಳಲ್ಲಿ ಫಲಿಸಿದ್ದು ಅದೊಂದೇ. ನಮ್ಮ ದೇಶವೂ ಹಿಂದುಳಿಯಲಿಲ್ಲ. 1923ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ, ಮುಂದೆ ಹರಿಯಾಣದ ಕರ್ನಾಲ್‌ನಲ್ಲಿ ನೆಲೆಗೊಂಡ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯಲ್ಲಿ 2009ರ ಫೆಬ್ರವರಿಯಲ್ಲಿ ತದ್ರೂಪಿ ಎಮ್ಮೆಗರು ಹುಟ್ಟಿತು. ಅದು ಕೆಲವೇ ದಿನ ಬದುಕಿತು. ಅದೇ ವರ್ಷದ ಜೂನ್‌ನಲ್ಲಿ 'ಗರಿಮಾ' ಹುಟ್ಟಿತು. 2023ರ ಮಾರ್ಚ್ 16ರಂದು ಗಿರ್ ಹಸುವೊಂದರ ಬಾಲದಿಂದ ತೆಗೆದ ಜೀವಕೋಶದಿಂದ 'ಗಂಗೋತ್ರಿ' ಎಂಬ ಕರು ಜನಿಸಿತು.

ಇದು ಪಾಪವೇ ಎಂದು ಕೇಳುವವರುಂಟು. ಪ್ರಾಣಿಗಳ ಮಟ್ಟಿಗೆ, ಆ ಕ್ರಿಯೆಯೇ ಪಾಪವೆಂದು ನಾವು ಹೇಳಲಾರೆವು. ಧರ್ಮಸಭೆಯ ಧರ್ಮೋಪದೇಶ ಗ್ರಂಥವು ನ್ಯಾಯವಾದ ಅಗತ್ಯಕ್ಕೆ ಪ್ರಾಣಿಗಳ ಬಳಕೆಯನ್ನು ಒಪ್ಪುತ್ತದೆ. ಅವುಗಳಿಗೆ ನಿಷ್ಕಾರಣವಾಗಿ ನೋವು ಕೊಡುವುದು ಮಾನವ ಘನತೆಗೆ ವಿರುದ್ಧವೆನ್ನುತ್ತದೆ. ಆದುದರಿಂದ ಒಂದು ಕರುವಿಗಾಗಿ ಎಷ್ಟು ಗರ್ಭಗಳು ನಷ್ಟವಾದವು ಎಂದು ಕೇಳಲೇಬೇಕು. ಇಡೀ ಹಿಂಡು ಒಂದೇ ಅಚ್ಚಿನದಾದರೆ ಒಂದೇ ರೋಗಕ್ಕೆ ಬಲಿಯಾಗುವ ಅಪಾಯವೂ ಇದೆ. ಕಳೆದ ಶತಮಾನದಲ್ಲಿ ಮಧ್ಯ ಅಮೆರಿಕದ 'ಗ್ರೋ ಮಿಷೆಲ್' ಬಾಳೆಯ ತೋಟಗಳು ಪನಾಮಾ ರೋಗಕ್ಕೆ ತುತ್ತಾದದ್ದು ಹೀಗೆಯೇ. ಇನ್ನು, ದೀಪಾವಳಿಯ ಬಳಿಕ ಅಖಾಡದಲ್ಲಿ ಹೆಸರು ಗಳಿಸಿದ ಹೋರಿ ಸತ್ತರೆ ನಮ್ಮ ಸೀಮೆಯಲ್ಲಿ ಊರೇ ಕಣ್ಣೀರಿಡುತ್ತದೆ. ಅದರ ತದ್ರೂಪಿಯನ್ನು ತಂದರೆ ಮೈಕಟ್ಟು ಬಂದೀತು; ಸಾಕಿದ ಮನೆಯ ಅಕ್ಕರೆ, ಅಖಾಡದಲ್ಲಿ ಕಲಿತ ಓಟ ಅದರೊಡನೆ ಹುಟ್ಟಿಬಾರದು.

ಮನುಷ್ಯನ ವಿಷಯ ಬೇರೆ. ತದ್ರೂಪಿ ಮಗುವಿಗೆ ಆತ್ಮವಿರದು ಎಂಬ ಭಯ ಇಲ್ಲಿ ಕಾರಣವಲ್ಲ. ಒಂದೇ ಭ್ರೂಣ ಇಬ್ಭಾಗವಾಗಿ ಹುಟ್ಟುವ ಅವಳಿಗಳು ನಿಸರ್ಗವೇ ಕೊಟ್ಟ ತದ್ರೂಪಿಗಳು. ಆದರೂ ಅವರು ಇಬ್ಬರು ವ್ಯಕ್ತಿಗಳು, ಎರಡು ಆತ್ಮಗಳು. ದೋಷವಿರುವುದು ಮಗುವಿನಲ್ಲಲ್ಲ, ಅದನ್ನು ಮಾಡಿಸುವವರ ಉದ್ದೇಶದಲ್ಲಿ. ನಮ್ಮ ಮನೆಗಳಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಟ್ಟು 'ಅಜ್ಜನೇ ಹುಟ್ಟಿ ಬಂದ' ಎನ್ನುತ್ತೇವೆ. ಅದು ಪ್ರೀತಿಯ ಮಾತು; ಅಜ್ಜನಂತೆಯೇ ಬಾಳಬೇಕೆಂಬ ಕರಾರಲ್ಲ. ಕ್ಲೋನಿಂಗ್ ಆ ಮಾತನ್ನು ಕರಾರಾಗಿಸುತ್ತದೆ. ತೀರಿಕೊಂಡ ಮಗನ ಬದಲಿಗೆಂದು ಹುಟ್ಟಿಸಿದ ಕೂಸನ್ನು, ಅದು ತೊದಲು ನುಡಿಯುವ ಮೊದಲೇ, ಇನ್ನೊಬ್ಬನ ಅಳತೆಗೋಲಿನಿಂದ ಅಳೆಯಲಾಗುತ್ತದೆ. ಮನುಷ್ಯನನ್ನು ಕೇವಲ ಸಾಧನವಾಗಿ ಬಳಸಬಾರದೆಂಬ ಕಾಂಟ್‌ನ ತತ್ವ ಇಲ್ಲಿ ಭಂಗವಾಗುತ್ತದೆ. 'ಜೀವದ ವರದಾನ' ಎಂಬ ಅರ್ಥದ ಹೆಸರುಳ್ಳ ವ್ಯಾಟಿಕನ್ನಿನ 'ದೋನುಮ್ ವೀತೆ' ಬೋಧನೆಯು, ಡಾಲಿ ಹುಟ್ಟುವ ಮೊದಲೇ, 1987ರಲ್ಲಿ, ಮಾನವ ಕ್ಲೋನಿಂಗ್ ನೈತಿಕ ನಿಯಮಕ್ಕೆ ವಿರುದ್ಧವೆಂದು ಸಾರಿತ್ತು.

ರೋಗ ಗುಣಪಡಿಸಲು ತದ್ರೂಪಿ ಭ್ರೂಣವನ್ನು ಸೃಷ್ಟಿಸಿ, ಅದರ ಆಕರಕೋಶಗಳನ್ನು ತೆಗೆದುಕೊಂಡರೆ ತಪ್ಪೇನು ಎಂಬ ವಾದವುಂಟು. ರೋಗಿಗಳ ಸಂಕಟವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಒಬ್ಬನ ಚಿಕಿತ್ಸೆಗಾಗಿ ಇನ್ನೊಂದು ಮಾನವ ಜೀವವನ್ನು ಹುಟ್ಟಿಸಿ ಅಳಿಸಲಾಗದು. ಇದರ ಹೊರೆ ಮಹಿಳೆಯರ ಮೇಲೂ ಬೀಳುತ್ತದೆ. ದಕ್ಷಿಣ ಕೊರಿಯಾದ ವಿಜ್ಞಾನಿ ಹ್ವಾಂಗ್ ವೂ ಸುಕ್ ಎರಡು ಸಾವಿರಕ್ಕೂ ಹೆಚ್ಚು ಅಂಡಾಣುಗಳನ್ನು ಪಡೆದಿದ್ದರು. ಅವರ ಪ್ರಯೋಗಾಲಯದ ಕಿರಿಯ ಸಂಶೋಧಕಿಯರೂ ಅಂಡಾಣು ನೀಡಿದ್ದರು. ಅವರ ಸಾಧನೆಯ ವರದಿಗಳು ಸುಳ್ಳೆಂದು 2006ರಲ್ಲಿ ಸಾಬೀತಾಯಿತು. ಅದೇ ವರ್ಷ ಜಪಾನಿನ ಶಿನ್ಯಾ ಯಮನಾಕ, ಭ್ರೂಣವನ್ನೇ ಬಳಸದೆ ಇಲಿಯ ಸಾಮಾನ್ಯ ಜೀವಕೋಶಗಳಿಂದಲೇ ಅಂಥ ಕೋಶಗಳನ್ನು ಪಡೆದರು; 2007ರಲ್ಲಿ ಮಾನವ ಜೀವಕೋಶಗಳಲ್ಲೂ ಅದು ಸಾಧ್ಯವಾಯಿತು. 2012ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ನೀತಿಯನ್ನು ಮೀರದ ದಾರಿಯೂ ವಿಜ್ಞಾನಕ್ಕೆ ತೆರೆದಿದೆ ಎಂಬುದಕ್ಕೆ ಇದೇ ನಿದರ್ಶನ.

ಕಾನೂನಿನ ಸ್ಥಿತಿಯೇನು? 2005ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯು ಎಲ್ಲ ಬಗೆಯ ಮಾನವ ಕ್ಲೋನಿಂಗ್‌ನ ನಿಷೇಧ ಕೋರುವ ಘೋಷಣೆಯನ್ನು 84 ಮತಗಳಿಂದ ಅಂಗೀಕರಿಸಿತು. 34 ದೇಶಗಳು ವಿರೋಧಿಸಿದವು. ಚಿಕಿತ್ಸಾ ಸಂಶೋಧನೆಗೆ ಅವಕಾಶವಿರಬೇಕೆಂಬ ನಿಲುವಿನ ಭಾರತವೂ ವಿರೋಧಿಸಿದ ದೇಶಗಳಲ್ಲೊಂದು. ಮಗುವನ್ನು ಪಡೆಯುವ ಕ್ಲೋನಿಂಗನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ನಿಷೇಧಿಸಿದೆ. ಆದರೆ ಮಾರ್ಗಸೂಚಿ ಕಾಯ್ದೆಯಲ್ಲ. ಮಾನವ ಕ್ಲೋನಿಂಗ್ ನಿಷೇಧಕ್ಕೆಂದೇ ಸಂಸತ್ತು ಪ್ರತ್ಯೇಕ ಕಾಯ್ದೆಯನ್ನು ಮಾಡಿಲ್ಲ. ತಾಯಿಯ ಆರೋಗ್ಯಕ್ಕೆಂದು ಬಂದ ಸ್ಕ್ಯಾನಿಂಗ್ ಯಂತ್ರ ಹೆಣ್ಣು ಭ್ರೂಣಗಳಿಗೆ ಮೃತ್ಯುವಾದುದನ್ನು ಕಂಡವರು ನಾವು. 1994ರಲ್ಲಿ ಲಿಂಗಪತ್ತೆಯ ವಿರುದ್ಧ ಕಾಯ್ದೆ ಬಂದ ಮೇಲೂ ಆ ಪಿಡುಗು ನಿಲ್ಲಲಿಲ್ಲ. ಕಾಯ್ದೆಯಿದ್ದೂ ಹೀಗಾದರೆ, ಬರಿಯ ಮಾರ್ಗಸೂಚಿಯನ್ನು ನಂಬಿ ಕೂರುವುದು ವಿವೇಕವಲ್ಲ. 2018ರಲ್ಲಿ ಚೀನಾದ ವಿಜ್ಞಾನಿಗಳು ಇದೇ ವಿಧಾನದಿಂದ ಎರಡು ಮಂಗಗಳು ಜನಿಸಿವೆಯೆಂದು ಪ್ರಕಟಿಸಿದರು. ಮನುಷ್ಯನ ಸರದಿ ಬರುವ ಮೊದಲೇ ಸ್ಪಷ್ಟ ಕಾಯ್ದೆ ಬರಲಿ ಎಂದು ನಮ್ಮ ಕುಟುಂಬಗಳು ಜನಪ್ರತಿನಿಧಿಗಳನ್ನು ಒತ್ತಾಯಿಸಬೇಕು.

ಒಂದು ಮಾತನ್ನು ಮರೆಯದಿರೋಣ. ಎಂದಾದರೂ, ಎಲ್ಲಾದರೂ ಅಂಥ ಮಗು ಹುಟ್ಟಿದರೆ, ತಪ್ಪು ಹುಟ್ಟಿಸಿದವರದು, ಮಗುವಿನದಲ್ಲ. ಅದೂ ದೇವರ ಪ್ರತಿರೂಪವೇ. ಅದಕ್ಕೂ ನಮ್ಮ ದೇವಾಲಯದಲ್ಲಿ ಜ್ಞಾನಸ್ನಾನ ಉಂಟು, ನಮ್ಮ ಮನೆಯಲ್ಲಿ ತೊಟ್ಟಿಲು ಉಂಟು. ಹಾಗೆಯೇ ಮಕ್ಕಳಿಲ್ಲದ ದಂಪತಿಗಳ ನೋವು ಈ ಚರ್ಚೆಯಲ್ಲಿ ಮರೆಯಾಗಬಾರದು. 'ಇನ್ನೂ ವಿಶೇಷ ಇಲ್ಲವೇ?' ಎಂದು ಮದುವೆ, ಹಬ್ಬಗಳಲ್ಲಿ ಸೊಸೆಯಂದಿರನ್ನು ಚುಚ್ಚುವ ಮಾತೇ ಅವರನ್ನು ಸಿಕ್ಕ ಸಿಕ್ಕ ಚಿಕಿತ್ಸೆಗಳ ಹಿಂದೆ ಓಡಿಸುತ್ತದೆ. ಮೊದಲು ಆ ಪ್ರಶ್ನೆಯನ್ನು ನಿಲ್ಲಿಸೋಣ. ದತ್ತು ಪಡೆಯಲು ಮುಂದಾದವರಿಗೆ ಬೆಂಬಲವಾಗಿ ನಿಲ್ಲೋಣ. ಮಗು ವರವೆಂದು ಬೋಧಿಸುವ ನಾವು, ಆ ವರ ದೊರೆಯದವರನ್ನು ಶಾಪಗ್ರಸ್ತರಂತೆ ಕಂಡರೆ, ನಮ್ಮ ಬೋಧನೆಯನ್ನು ಯಾರೂ ನಂಬಲಾರರು.